ಬಟಾಣಿ, ಬೇಳೆ, ಕಾಳು: ಇಂಗ್ಲೆಂಡಿಗೆ ಹೊಸದಾಗಿ ಬಂದ ಮನೆಯವ್ರಿಗೆ

ಇಲ್ಲಿಗೆ ಬಂದವ್ರೆಲ್ಲಾ ಮೊದಲು ಕೇಳೋದು ತೊಗರಿಬೇಳೆ ಎಲ್ಲಿ ಸಿಗತ್ತೆ ಅಂತ. ಮನೆ ಹತ್ರದ ಸೂಪರ್‌ಮಾರ್ಕೆಟ್‌ನಲ್ಲಿ ಯೆಲ್ಲೋ ಸ್ಪ್ಲಿಟ್ ಪೀಸ್ (ಪೀ, ಪೀಸ್ ಅಂದ್ರೆ ಬಟಾಣಿ) ಅಂತ ಪ್ಯಾಕೆಟ್ ಇರತ್ತೆ, ನೋಡೋಕೆ ನಮ್ಮ ಬೇಳೆ ಥರಾನೇ, ಆದ್ರೆ ಅದು ಒಣ ಬಟಾಣಿನ ಸಿಪ್ಪೆ ತೆಗೆದು ಒಡೆದಿರೋದು, ಸಾರು ಮಾಡಿದ್ರೆ ತೊಗರಿ ಘಮ ಬರಲ್ಲ. ಇಂಡಿಯನ್ ಅಂಗಡಿಗೇ ಹೋಗಿ ತೂರ್ ದಾಲ್ ಅಂತ ಕೇಳಿ. ಆಯ್ಲಿ ಅಂತ ಬರೆದಿದ್ರೆ ಹುಳ ಹಿಡೀದೇ ಇರ್ಲಿ ಅಂತ ಎಣ್ಣೆ ಸವರಿರ್ತಾರೆ, ಬಿಸಿನೀರಲ್ಲಿ ಎರಡ್ಮೂರು ಸಲ ಉಜ್ಜಿ ತೊಳೆದು ಕುಕ್ಕರ್‌ಗೆ ಹಾಕಿ, ಏನೂ ತೊಂದ್ರೆ ಇಲ್ಲ.

ಅವರೆಕಾಳು ಬೇಕಂದ್ರೆ ಅದೇ ಅಂಗಡಿ ಫ್ರೀಜರ್‌ನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅನ್ನೋ ಗುಜರಾತಿ ಹೆಸರಲ್ಲಿ ಇರತ್ತೆ. ನೆನೆಸಿ ಹಿತಕಿದ್ರೆ ಹಿತಕಿದ ಬೇಳೆ ಸಾರಿಗೆ ಚೆನ್ನಾಗೇ ಆಗತ್ತೆ, ಸೊಗಡು ಮಾತ್ರ ಊರಿನಷ್ಟು ಇರಲ್ಲ. ಪಕ್ಕದಲ್ಲೇ ಇರೋ ತುವರ್ ಲಿಲ್ವಾ ಹಸಿ ತೊಗರಿಕಾಳು, ಅದನ್ನ ಕೆರಿಬಿಯನ್ ಅಂಗಡೀಲಿ ಗಂಗೋ ಪೀಸ್ ಅಂತಾರೆ. ಜಮೈಕನ್ ಹೋಟೆಲ್‌ನ ರೈಸ್ ಅಂಡ್ ಪೀಸ್‌ನಲ್ಲೂ ನಮ್ಮ ಬಟಾಣಿ ಇರಲ್ಲ, ಸಾಮಾನ್ಯವಾಗಿ ರಾಜ್ಮಾ ಇಲ್ಲಾ ಗಂಗೋ, ತೆಂಗಿನ ಹಾಲಲ್ಲಿ ಬೇಯಿಸಿರ್ತಾರೆ. ಮನೇಲಿ ಒಣ ರಾಜ್ಮಾ ಮಾಡೋವಾಗ ಜೋಪಾನ, ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಕನಿಷ್ಠ 10 ನಿಮಿಷ ಕೊತಕೊತ ಕುದಿಸ್ಲೇಬೇಕು. ಬರೀ ಸ್ಲೋ ಕುಕ್ಕರ್‌ಗೆ ಹಾಕಿಟ್ರೆ ಅದ್ರಲ್ಲಿರೋ ವಿಷ ಹೋಗಲ್ಲ, ವಾಂತಿ ಭೇದಿ ಶುರುವಾಗತ್ತೆ.

ಹಸಿ ಬಟಾಣಿ ಇಲ್ಲಿ ಬೇಸಿಗೆ ಬೆಳೆ, ಚಳಿಗಾಲದಲ್ಲಿ ಹುಡುಕ್ಬೇಡಿ, ಫ್ರೋಜನ್ನೇ ತಗೊಳ್ಳಿ, ಪಲಾವ್‌ಗೂ ಸಾಗುಗೂ ಚೆನ್ನಾಗಿರತ್ತೆ. ಮೀನು, ಆಲೂಗಡ್ಡೆ ಕರಿದು ಮಾರೋ ಚಿಪ್ ಶಾಪ್‌ನ ಮಷಿ ಪೀಸ್ ಅಂದ್ರೆ ಮ್ಯಾರೋಫ್ಯಾಟ್ ಅನ್ನೋ ದಪ್ಪ ಒಣ ಬಟಾಣಿ ಬೇಯಿಸಿ ಮಸೆದಿರೋದು, ನಾಟಿಂಗ್‌ಹ್ಯಾಮ್ ಕಡೆ ಪುದೀನಾ ಸಾಸ್ ಹಾಕಿ ಕೊಡ್ತಾರೆ, ನನಗಂತೂ ಅದೇ ಇಷ್ಟ. ಸಸ್ಯಾಹಾರಿಗಳು ಚಿಪ್ಸ್ ಯಾವ ಎಣ್ಣೇಲಿ ಕರೀತಾರೆ ಅಂತ ಕೇಳ್ಕೊಳ್ಳಿ, ಯಾರ್ಕ್‌ಶೈರ್ ಕಡೆ ದನದ ಕೊಬ್ಬಲ್ಲಿ ಕರಿಯೋ ಅಂಗಡಿಗಳು ತುಂಬಾ ಇವೆ. ನ್ಯೂಕ್ಯಾಸಲ್ ಕಡೆಯ ಪೀಸ್ ಪುಡಿಂಗ್ ಅನ್ನೋ ಬೇಯಿಸಿ ಮಸೆದ ಒಡೆದ ಬಟಾಣಿಗೂ ಸಾಮಾನ್ಯವಾಗಿ ಹಂದಿ ಮಾಂಸ ಬೇಯಿಸಿದ ನೀರು ಹಾಕಿರ್ತಾರೆ.

ಚಿಕ್ಕ ಮಕ್ಕಳಿದ್ರೆ ಇದನ್ನ ಗಮನ ಇಟ್ಟು ಓದಿ. ಮೇ, ಜೂನ್‌ನಲ್ಲಿ ನಮ್ಮ ಕಕ್ಕೆ ಹೂವಿನ ಹಾಗೆ ಹಳದಿ ಗೊಂಚಲು ಇಳಿಬಿಡೋ ಲಬರ್ನಮ್ ಮರ ಎಷ್ಟೋ ಮನೆಗಳ ಮುಂದೆ ಇರತ್ತೆ, ಬಟಾಣಿ ಕುಟುಂಬದ್ದೇ, ಕಾಯೂ ಹಂಗೇ ಇರತ್ತೆ, ಆದ್ರೆ ಬೀಜ ವಿಷ. ತೋಟದಲ್ಲಿ ಬೆಳೆಸೋ ಸ್ವೀಟ್ ಪೀ ಹೂವಿನ ಬೀಜಾನೂ ತಿನ್ನೋದಲ್ಲ. ಮಗು ಬಾಯಿಗೆ ಹಾಕ್ಕೊಂಡಿದ್ರೆ ತಕ್ಷಣ 111ಗೆ (ಸರ್ಕಾರಿ ಆರೋಗ್ಯ ಸಲಹೆಯ ನಂಬರ್) ಫೋನ್ ಮಾಡಿ, ಮಂಪರು, ಫಿಟ್ಸ್, ಉಸಿರಾಟದ ತೊಂದ್ರೆ ಕಂಡ್ರೆ ಆಂಬುಲೆನ್ಸ್‌ಗೆ 999. ಅಂಗಳಕ್ಕೆ ಹಾಸೋ ಪೀ ಶಿಂಗಲ್ ಅನ್ನೋ ಸಣ್ಣ ಕಲ್ಲನ್ನೂ ಪುಟಾಣಿಗಳು ಮೂಗಿಗೆ ಬಾಯಿಗೆ ತುರುಕ್ಕೋತಾರೆ, ಕಣ್ಣಿಡಿ.

ಡೆಂಟಿಸ್ಟ್ ಪೀ ಸೈಜ್ ಅಂದ್ರೆ 3ರಿಂದ 6 ವರ್ಷದ ಮಕ್ಕಳಿಗೆ ಒಂದು ಬಟಾಣಿ ಕಾಳಷ್ಟು ಪೇಸ್ಟ್, ಅದಕ್ಕಿಂತ ಚಿಕ್ಕವ್ರಿಗೆ ಬ್ರಷ್ ಮೇಲೆ ಸವರಿದಷ್ಟು ಸಾಕು. ಕಾಲು ಉಳುಕಿದ್ರೆ ಫ್ರೋಜನ್ ಬಟಾಣಿ ಪ್ಯಾಕೆಟ್‌ನ ಟವೆಲ್‌ನಲ್ಲಿ ಸುತ್ತಿ 20 ನಿಮಿಷದವರೆಗೆ ಇಡಿ ಅಂತ ಇಲ್ಲಿ ಹೇಳ್ತಾರೆ, ನೇರ ಚರ್ಮಕ್ಕೆ ಇಡ್ಬೇಡಿ. ಆ ಪ್ಯಾಕೆಟ್ ಮೇಲೆ ಪೆನ್ನಲ್ಲಿ ಗುರುತು ಹಾಕಿ ಬೇರೆ ಎತ್ತಿಡಿ, ಕರಗಿ ಮತ್ತೆ ಗಟ್ಟಿಯಾದ ಬಟಾಣಿನ ಅಡುಗೆಗೆ ಹಾಕ್ಬೇಡಿ.