ಸೋಲಾರ್ ಬಿಸಿನೀರಿನ ಪೈಪಿಗೆ ಏರೋಜೆಲ್ ಹೊದಿಕೆ ಹಾಕುವುದು ಹೇಗೆ?

ತಾರಸಿಯ ಸೋಲಾರ್ ಟ್ಯಾಂಕಿನಲ್ಲಿ ಕೈ ಸುಡುವಷ್ಟು ಬಿಸಿಯಿದ್ದ ನೀರು ಬಚ್ಚಲಿಗೆ ಬರುವಷ್ಟರಲ್ಲಿ ಉಗುರುಬೆಚ್ಚಗಾಗಿದ್ದರೆ, ಮೊದಲು ಪೈಪಿನತ್ತ ನೋಡಿ. ಸುತ್ತ ಜಾಗವಿದ್ದರೆ ನೈಟ್ರೈಲ್ ಫೋಮ್ (ರಬ್ಬರಿನಂಥ ಸ್ಪಂಜು) ಕೊಳವೆಯೇ ಸಾಕು, ಅಗ್ಗವೂ ಹೌದು. ಗೋಡೆಗೂ ಪೈಪಿಗೂ ನಡುವೆ ಬೆರಳು ತೂರುವಷ್ಟೇ ಸಂದಿ ಇರುವಲ್ಲಿ ಮಾತ್ರ, ತೆಳುವಾಗಿದ್ದರೂ ಶಾಖವನ್ನು ಚೆನ್ನಾಗಿ ತಡೆಯುವ ಏರೋಜೆಲ್ ಬ್ಲಾಂಕೆಟ್‌ಗೆ ಹಣ ಹಾಕಿ.

ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಟ್ಲರ್ 1931ರಲ್ಲಿ ಜಗತ್ತಿಗೆ ಪರಿಚಯಿಸಿದ ವಸ್ತು ಏರೋಜೆಲ್. ಜೆಲ್‌ನ ಹಂದರ ಕುಸಿಯದಂತೆ ದ್ರವವನ್ನಷ್ಟೇ ತೆಗೆದು, ಆ ಜಾಗದಲ್ಲಿ ಗಾಳಿ ತುಂಬಿಕೊಳ್ಳುವಂತೆ ಮಾಡುತ್ತಾರೆ. ಶೇ 90ಕ್ಕಿಂತ ಹೆಚ್ಚು ಭಾಗ ಗಾಳಿಯೇ. ರಂಧ್ರಗಳು ಎಷ್ಟು ಕಿರಿದೆಂದರೆ, ಗಾಳಿಯ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಮುನ್ನವೇ ರಂಧ್ರದ ಗೋಡೆಗೆ ಬಡಿಯುತ್ತವೆ. ಹಾಗಾಗಿ ಶಾಖ ಮುಂದಕ್ಕೆ ದಾಟುವುದು ಕಷ್ಟ. 1997ರಲ್ಲಿ ಮಂಗಳನ ಮೇಲೆ ಓಡಾಡಿದ ಸೋಜರ್ನರ್ ರೋವರ್‌ನ ಎಲೆಕ್ಟ್ರಾನಿಕ್ಸ್ ಅನ್ನು ಅಲ್ಲಿನ ಕೊರೆವ ಚಳಿಯಿಂದ ಕಾಪಾಡಿದ್ದು ಇದೇ. ಬರಿಯ ಏರೋಜೆಲ್ ಪುಡಿಯಾಗುತ್ತದೆ. ನಾರಿನ ಹಾಸಿನೊಳಗೆ ತುಂಬಿದ ಬ್ಲಾಂಕೆಟ್ಟನ್ನು ಮಾತ್ರ ಸುತ್ತಲು ಬರುತ್ತದೆ.

ಮೊದಲು ಸೋರಿಕೆ ಸರಿಪಡಿಸಿ, ಪೈಪು ಒರೆಸಿ ಒಣಗಿಸಿ. ಬ್ಲಾಂಕೆಟ್ ಕತ್ತರಿಸಿದರೆ ಬಿಳಿ ದೂಳು ಏಳುತ್ತದೆ. ಅದು ಚರ್ಮದ ತೇವವನ್ನೇ ಹೀರಿ ಒರಟು ಮಾಡುತ್ತದೆ. ಮಾಸ್ಕ್, ಕೈಗವಸು, ಕನ್ನಡಕ, ತುಂಬುತೋಳಿನ ಅಂಗಿ ಬೇಕೇ ಬೇಕು. ಮಕ್ಕಳನ್ನು ಹತ್ತಿರ ಬಿಡಬೇಡಿ.

ಅಳತೆಯಲ್ಲಿ ಎಡವುವವರೇ ಹೆಚ್ಚು. ಪೈಪಿನ ಸುತ್ತಳತೆಗೆ ಕತ್ತರಿಸಿದರೆ ಅಂಚುಗಳು ಕೂಡುವುದಿಲ್ಲ. ಪೈಪಿನ ಹೊರವ್ಯಾಸಕ್ಕೆ ಬ್ಲಾಂಕೆಟ್‌ನ ದಪ್ಪದ ಎರಡರಷ್ಟು ಸೇರಿಸಿ 3.14ರಿಂದ ಗುಣಿಸಿ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನ ಹೊರವ್ಯಾಸ ಸುಮಾರು 22 ಮಿ.ಮೀ. 5 ಮಿ.ಮೀ. ಬ್ಲಾಂಕೆಟ್ ಸುತ್ತಲು 100 ಮಿ.ಮೀ. ಅಗಲದ ಪಟ್ಟಿ ಬೇಕು. ಎರಡನೇ ಪದರಕ್ಕೆ 132 ಮಿ.ಮೀ.; ಅದರ ಕೂಡುಗೆರೆ ಮೊದಲನೆಯದರ ಎದುರು ಬದಿಗೆ ಬರಲಿ. ಬಿಗಿದು ಹಿಸುಕದೆ ಟೇಪಿನಿಂದ ಕಟ್ಟಿ. ಎಲ್ಬೋಗಳಿಗೆ (ಪೈಪು ತಿರುಗುವ ಮೂಲೆಗಳಿಗೆ) ಸಣ್ಣ ತುಂಡುಗಳನ್ನು ಜೋಡಿಸಿ. ಹೊರಗೆ ಅಲ್ಯೂಮಿನಿಯಂ ಹಾಳೆ ಹೊದಿಸುವಾಗ, ಮಳೆನೀರು ಒಳಗಿಳಿಯದಂತೆ ಅಂಚು ಕೆಳಮುಖವಾಗಿರಲಿ. ಟ್ಯಾಂಕಿನ ಗಾಳಿ, ಆವಿ ಹೊರಹೋಗುವ ಏರ್‌ವೆಂಟ್ ಪೈಪಿನ ಬಾಯಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ಒಂದು ಮಾತು ಮೊದಲೇ ತಿಳಿದಿರಲಿ: ಸಣ್ಣ ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ಈ ಹೊದಿಕೆ ಇದ್ದರೂ ಬೆಳಗಾಗುವಷ್ಟರಲ್ಲಿ ಆರಿರುತ್ತದೆ. ಮೊದಲ ಬಕೆಟ್ಟಿನ ತಣ್ಣೀರು ತಪ್ಪದು. ಒಬ್ಬರ ಹಿಂದೊಬ್ಬರು ಸ್ನಾನ ಮಾಡುವ ಮನೆಯಲ್ಲಿ ಎರಡನೆಯವರಿಂದಾಚೆಗೆ ಇದರ ಲಾಭ ಗೊತ್ತಾಗುತ್ತದೆ.