ಶಾಲೆಯ ಬೀರು, ಪಂಚಾಯ್ತಿಯ ಬೆಂಚು

ಜಗಳೂರು ತಾಲ್ಲೂಕಿನ ನಮ್ಮೂರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯ ಆಗ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ತೆರೆದಿರುತ್ತಿತ್ತು. ಅದರ ಮೇಲ್ವಿಚಾರಕಿ ನಾನು. ಮಧ್ಯದ ಹೊತ್ತು ಒಂದು ಖಾಸಗಿ ಹೈಸ್ಕೂಲಿನ ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ಎರಡೂ ಪುಸ್ತಕದ ಕೆಲಸವೇ ಅಲ್ವಾ, ಕಷ್ಟವೇನು ಅಂದುಕೊಂಡಿದ್ದೆ.

ಶಾಲೆಯಲ್ಲಿ 40 ನಿಮಿಷದ ಪೀರಿಯಡ್. ಇಡೀ ಕ್ಲಾಸು ಒಟ್ಟಿಗೆ ಒಳಗೆ ನುಗ್ಗುತ್ತದೆ. ಹುಡುಕುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಅದಕ್ಕೆ ಮೊದಲೇ ಮೇಜಿನ ಮೇಲೆ ಪುಸ್ತಕ ಹರಡಿ ಇಡುತ್ತಿದ್ದೆ. ವಿಷಯಕ್ಕೆ ತಕ್ಕಂತೆ ಪುಸ್ತಕಗಳಿಗೆ ಹಾಕುವ ಡ್ಯೂಯಿ ನಂಬರ್ ಮಕ್ಕಳಿಗೆ ಹತ್ತಲಿಲ್ಲ. ಕಥೆಗೆ ಕೆಂಪು, ವಿಜ್ಞಾನಕ್ಕೆ ಹಸಿರು ಅಂತ ಬಣ್ಣದ ಪಟ್ಟಿ ಅಂಟಿಸಿದೆ. ಪಂಚಾಯ್ತಿಯಲ್ಲಿ ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವವರಿಗೆ ಆ ನಂಬರೇ ಬೇಕು. ಕನ್ನಡ ಸಾಹಿತ್ಯ 894.814, ಭಾರತದ ಇತಿಹಾಸ 954 ಅಂತ ಒಮ್ಮೆ ತೋರಿಸಿದರೆ ಸಾಕು, ತಾವೇ ತೆಗೆದುಕೊಳ್ಳುತ್ತಾರೆ. ಪೇಪರ್ ಓದಲು ಬರುವ ಹಿರಿಯರನ್ನು ಅವರ ಪಾಡಿಗೆ ಬಿಟ್ಟರಾಯಿತು. 1931ರಲ್ಲಿ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಎನ್ನುವುದು. ಅದು ಎರಡು ಕಡೆ ಎರಡು ಥರ ಎಂದು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ಆ ವರ್ಷವೇ ಒಂದು ತಪ್ಪನ್ನೂ ಮಾಡಿದೆ. ಮಕ್ಕಳು ಕೇಳಿದರು ಅಂತ ಪಂಚಾಯ್ತಿಯ ಪುಸ್ತಕಗಳನ್ನು ಚೀಲದಲ್ಲಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಎಲ್ಲೂ ಬರೆದಿಡಲಿಲ್ಲ. ವರ್ಷದ ಕೊನೆಗೆ ಎಣಿಸಿದಾಗ ಹನ್ನೊಂದು ಕಡಿಮೆ. ಏಳು ಶಾಲೆಯ ಬೀರುವಿನಲ್ಲೇ ಸಿಕ್ಕವು. ಉಳಿದ ನಾಲ್ಕಕ್ಕೆ ನಾನೇ ದುಡ್ಡು ಕಟ್ಟಿದೆ. ಅವತ್ತೇ ಒಂದು ನೋಟ್‌ಬುಕ್ ತಂದು ಮೇಲೆ ‘ಕೈಗಡ’ ಅಂತ ಬರೆದೆ. ಒಂದು ಕಡೆಯ ಪುಸ್ತಕ ಇನ್ನೊಂದು ಕಡೆ ಹೋದರೆ ಆಕ್ಸೆಷನ್ ನಂಬರ್ (ಪ್ರತಿ ಪುಸ್ತಕಕ್ಕೂ ಲೈಬ್ರರಿ ಕೊಡುವ ಕ್ರಮಸಂಖ್ಯೆ), ಹೋದ ತಾರೀಕು, ಬಂದ ತಾರೀಕು, ಸಹಿ. ಹೀಗೆ ಎರಡು ಕಡೆ ದುಡಿಯುವವರು ಸಿಕ್ಕರೆ ನಾನು ಮೊದಲು ಹೇಳುವುದು ಇದನ್ನೇ.

ಆ ನೋಟ್‌ಬುಕ್ ಇನ್ನೊಂದು ಉಪಕಾರ ಮಾಡಿತು. ಏಪ್ರಿಲ್ ಬಂತೆಂದರೆ ಶಾಲೆಗೆ ಬೀಗ. ಮಕ್ಕಳಿಗೆ ಓದಲು ಪುರುಸೊತ್ತು ಸಿಗುವುದೇ ಆಗ, ಪುಸ್ತಕ ಮಾತ್ರ ಬೀರುವಿನೊಳಗೆ. ನನಗಿದು ತುಂಬಾ ಸಂಕಟವಾಗುತ್ತಿತ್ತು. ರಜೆಗೆ ಒಂದಿಷ್ಟು ಪುಸ್ತಕ ಪಂಚಾಯ್ತಿ ಗ್ರಂಥಾಲಯಕ್ಕೆ ಒಯ್ಯಲೇ ಅಂತ ಹೆಡ್‌ಮಾಸ್ಟರನ್ನು ಕೇಳಿದೆ.

“ಕಳೆದರೆ ಯಾರಮ್ಮ ಹೊಣೆ?” ಅಂದರು.

ಕೈಗಡದ ನೋಟ್‌ಬುಕ್ ಮುಂದಿಟ್ಟೆ. ಹಾಳೆ ತಿರುವಿ ನೋಡಿ, ಅರವತ್ತು ಪುಸ್ತಕ ಒಯ್ಯಲು ಒಪ್ಪಿದರು. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯ್ತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ ಬಂತು. ಆಮೇಲೆ ಮಕ್ಕಳು ಬರುವುದು ಜಾಸ್ತಿಯಾಯಿತು.

ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಶಾಲೆಯಲ್ಲಿ ಬಾಯೇ ಬಿಡುತ್ತಿರಲಿಲ್ಲ. ರಜೆಯಲ್ಲಿ ಪೇಪರ್ ಓದುವ ಅಜ್ಜನ ಜೊತೆ ಬಂದು ಬೆಂಚಿನ ತುದಿಗೆ ಕೂತಳು. ಮೂರನೇ ದಿನ ಹತ್ತಿರ ಬಂದು, “ಮಿಸ್, ಇದರ ಎರಡನೇ ಭಾಗ ಐತಾ?” ಅಂದಳು. ಅದು ಶಾಲೆಯಲ್ಲೇ ಉಳಿದಿತ್ತು. ಮರುದಿನ ಬೀಗದ ಕೈ ಇಸಿದುಕೊಂಡು ಹೋಗಿ ತಂದೆ. ಅರವತ್ತೊಂದನೆಯದು ಅಂತ ಕೈಗಡದಲ್ಲಿ ಬರೆದು ಅವಳ ಕೈಗಿಟ್ಟೆ.