ಮೊದಲ ಕಾಂಕ್ರೀಟ್‌ಗೆ ಮುಂಚೆ

ಗೋಡೆ ಎದ್ದು ಆರು ವಾರ ಆಗಿತ್ತು. ಆಗ ಹೊಸ ಡ್ರಾಯಿಂಗ್ ಬಂತು. ಪೈಪುಗಳ ಆಸರೆಗೆ ಅಂತ ಗೋಡೆಯೊಳಗೆ ಕೂರಿಸಿದ್ದ ಉಕ್ಕಿನ ಪ್ಲೇಟುಗಳು 180 ಮಿಲಿಮೀಟರ್ ಪಕ್ಕಕ್ಕೆ ಇರಬೇಕಿತ್ತು. ಕೇಳೋಕೆ ಒಂದು ಗೇಣಿಗಿಂತ ಕಡಿಮೆ. ಆದರೆ ಅಣು ವಿದ್ಯುತ್ ಸ್ಥಾವರದ ಗೋಡೆಯನ್ನು ಸುಮ್ನೆ ಕೊರೆಯೋ ಹಾಗಿಲ್ಲ. ಒಳಗಿನ ಒಂದು ಕಂಬಿ ಕತ್ತರಿಸಬೇಕಾದರೂ ಲೆಕ್ಕ ಹಾಕಬೇಕು, ಒಪ್ಪಿಗೆ ಪಡೆಯಬೇಕು. ಆ ಒಂದು ಕೋಣೆಗೆ ನಾಲ್ಕು ತಿಂಗಳು ಹೋಯಿತು.

ತಪ್ಪು ನನ್ನದೇ. ನಾನು ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೆ. ಪೈಪಿನ ಡಿಸೈನ್ ಇನ್ನೂ ಮುಗಿದಿಲ್ಲ ಅಂತ ಗೊತ್ತಿತ್ತು. ಆದರೂ ವೇಳಾಪಟ್ಟಿಯಲ್ಲಿ ತಾರೀಖು ಬಂದಿದೆ, ಕ್ರೇನ್ ನಿಂತಿದೆ, ಜನ ಕಾಯುತ್ತಿದ್ದಾರೆ ಅಂತ ಪೋರ್‌ಗೆ, ಅಂದರೆ ಕಾಂಕ್ರೀಟ್ ಸುರಿಯೋದಕ್ಕೆ, ಸಹಿ ಹಾಕಿದೆ. ಆ ತಿಂಗಳ ವರದಿಯಲ್ಲಿ ನಮ್ಮ ಪ್ರಗತಿ ತುಂಬಾ ಚೆನ್ನಾಗಿತ್ತು. ಎಷ್ಟು ಘನ ಮೀಟರ್ ಸುರಿದೆವು ಅನ್ನೋದೇ ಆಗ ನಮ್ಮ ಅಳತೆ.

ಮುಂದಿನ ಪ್ರಾಜೆಕ್ಟಿನಲ್ಲಿ ಆ ಅಳತೆಯನ್ನೇ ಬಿಟ್ಟೆ. ಒಂದು ಜಾಗದ ಎಲ್ಲ ಡ್ರಾಯಿಂಗ್ ಮುಗಿದಿರಬೇಕು. ಸಾಮಾನು ಸೈಟಿನಲ್ಲಿ ಇರಬೇಕು. ತಪಾಸಣೆ ಮಾಡುವವರ ಸಮಯ ಗೊತ್ತಾಗಿರಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಪೋರ್ ಇಲ್ಲ. ಬೆಳಗಿನ ಮೀಟಿಂಗಿನಲ್ಲಿ ‘ಎಷ್ಟು ಪರ್ಸೆಂಟ್ ಆಯಿತು’ ಅಂತ ಕೇಳೋದು ನಿಲ್ಲಿಸಿದೆ. ‘ಮುಂದಿನ ಆರು ವಾರದ ಕೆಲಸಕ್ಕೆ ಏನೇನು ಅಡ್ಡ ಇದೆ’ ಅಂತ ಮಾತ್ರ ಕೇಳುತ್ತಿದ್ದೆ. ಮೊದಮೊದಲು ಮೇಲಿನವರಿಗೆ ಸಿಟ್ಟು ಬಂತು. ಸೈಟ್ ಖಾಲಿ ಕಾಣುತ್ತಿತ್ತು, ಅವರ ಸಿಟ್ಟಿಗೂ ಅರ್ಥವಿತ್ತು.

ಕಂಬಿ ತುಂಬಾ ಒತ್ತಾಗಿರುವ ಕಡೆ ಇನ್ನೊಂದು ಕೆಲಸ ಮಾಡಿದೆವು. ಗೋಡೆಯ ಒಂದು ಮೂಲೆಯನ್ನು ಅದೇ ಅಳತೆಯಲ್ಲಿ ಬಯಲಿನಲ್ಲಿ ಕಟ್ಟಿ ನೋಡಿದೆವು. ಕಂಬಿ ಕಟ್ಟುವ ಮೇಸ್ತ್ರಿ ಎರಡು ಸಾಲಿನ ನಡುವೆ ಕೈ ಹಾಕಲು ನೋಡಿ, ಹಿಂದಕ್ಕೆ ತೆಗೆದು ಹೇಳಿದರು: “ಸರ್, ಇಲ್ಲಿ ನನ್ನ ಕೈಯೇ ಹೋಗ್ತಿಲ್ಲ. ವೈಬ್ರೇಟರ್ ಹೇಗೆ ಹೋಗುತ್ತೆ?” ಕಾಂಕ್ರೀಟನ್ನು ನಡುಗಿಸಿ ಮೂಲೆ ಮೂಲೆಗೂ ಕೂರಿಸುವ ಸಾಧನ ಅದು. ಕಂಪ್ಯೂಟರಿನ ಚಿತ್ರದಲ್ಲಿ ನಾವು ಯಾರೂ ಆ ಇಕ್ಕಟ್ಟನ್ನು ಕಂಡಿರಲಿಲ್ಲ. ಜಲ್ಲಿ ಸಣ್ಣದು ಮಾಡಿದೆವು. ವೈಬ್ರೇಟರ್ ಇಲ್ಲದೆ ತಾನಾಗಿ ಹರಿದು ಕೂರುವ ಕಾಂಕ್ರೀಟ್ ಬಳಸಿದೆವು. ನಿಜವಾದ ಗೋಡೆಯ ಶಟರಿಂಗ್ ಬಿಚ್ಚಿದಾಗ ಎಲ್ಲೂ ಒಂದು ಟೊಳ್ಳು ಸಿಗಲಿಲ್ಲ.

ಆಮೇಲೆ ಕೆಲವು ವರ್ಷ ಕಡಿಮೆ ಕಾರ್ಬನ್ ವಿದ್ಯುತ್ ನೀತಿಯ ಸಲಹಾ ತಂಡದಲ್ಲಿ ಕೂತೆ. ಅಲ್ಲಿ ಮಾತೆಲ್ಲ ಎಷ್ಟು ಮೆಗಾವ್ಯಾಟ್, ಯಾವ ತಂತ್ರಜ್ಞಾನ ಅನ್ನೋದರ ಮೇಲೆ. ನಾನು ತಾರೀಖಿನ ಲೆಕ್ಕ ಮುಂದಿಟ್ಟೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2014ರಲ್ಲಿ ಕೊಟ್ಟ ಅಂಕಿಯಂತೆ, ಗಣಿಯಿಂದ ಹಿಡಿದು ಕೊನೆಯವರೆಗೆ ಲೆಕ್ಕ ಹಾಕಿದರೆ ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಸುಮಾರು 820 ಗ್ರಾಂ ಕಾರ್ಬನ್ ಡೈಆಕ್ಸೈಡಿಗೆ ಸಮನಾದ ಅನಿಲ. ಅಣು ವಿದ್ಯುತ್ತಿಗೆ ಸುಮಾರು 12 ಗ್ರಾಂ. 1,000 ಮೆಗಾವ್ಯಾಟಿನ ಘಟಕ ಶೇಕಡ 90ರಷ್ಟು ನಡೆದರೆ ದಿನಕ್ಕೆ 2 ಕೋಟಿ 16 ಲಕ್ಷ ಯೂನಿಟ್. ಅದು ಒಂದು ದಿನ ತಡವಾಗಿ, ಆ ಜಾಗದಲ್ಲಿ ಕಲ್ಲಿದ್ದಲು ಉರಿದರೆ ಅಂಥ ಅನಿಲ ಸುಮಾರು 17,000 ಟನ್ ಹೆಚ್ಚುವರಿಯಾಗಿ ಗಾಳಿಗೆ ಹೋಗುತ್ತದೆ. ನನ್ನ ಆ ಕೋಣೆಯ ನಾಲ್ಕು ತಿಂಗಳು ನೆನಪಾದಾಗ ಈ ಲೆಕ್ಕವೂ ನೆನಪಾಗುತ್ತದೆ.

ಬಡ್ಡಿಯೂ ಹಾಗೇ, ತಡವಾದಷ್ಟೂ ಬೆಳೆಯುತ್ತದೆ. ಶೇಕಡ 7ಕ್ಕೆ ತಂದ ಸಾಲ ಚಕ್ರಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಬ್ರಿಟನ್ ಹಿಂಕ್ಲಿ ಪಾಯಿಂಟ್ ಸಿ ಸ್ಥಾವರಕ್ಕೆ 35 ವರ್ಷದ ದರ ಖಾತ್ರಿ ಕೊಟ್ಟಿತು. ಆದರೆ ಆ ಹಣ ವಿದ್ಯುತ್ ಹರಿದ ಮೇಲೆಯೇ ಬರುವುದು. ಅದಕ್ಕೇ 2022ರಲ್ಲಿ ಬೇರೆ ಕಾಯ್ದೆ ತಂದು, ಕಟ್ಟುವಾಗಲೇ ಗ್ರಾಹಕರಿಂದ ಸ್ವಲ್ಪ ಸ್ವಲ್ಪ ಪಡೆಯುವ ದಾರಿ ಮಾಡಿದರು. ಸಾಲದ ಬಡ್ಡಿ ಇಳಿಯುತ್ತದೆ, ಸರಿ. ಆದರೆ ಕೆಲಸ ತಡವಾದರೆ ಗ್ರಾಹಕನೂ ಅದರ ಪಾಲು ಹೊರಬೇಕಾಗುತ್ತದೆ, ಅಲ್ವಾ? ಹಾಗಾಗಿ ಇಂಥ ಕಾಯ್ದೆಯ ಜೊತೆಗೆ ಸೈಟಿನ ಶಿಸ್ತೂ ಬರಲೇಬೇಕು ಅಂತ ನಾನು ಹಟ ಹಿಡಿದೆ.

ಇನ್ನೊಂದು ಮಾತನ್ನು ನಾನು ಪ್ರತಿ ಸಭೆಯಲ್ಲೂ ಹೇಳಿದ್ದೇನೆ. ಒಂದೇ ಒಂದು ಘಟಕ ಕಟ್ಟಿ ನಿಲ್ಲಿಸಬೇಡಿ. ಫ್ರಾನ್ಸ್ 1970, 80ರ ದಶಕಗಳಲ್ಲಿ ಸಾಲಾಗಿ ರಿಯಾಕ್ಟರ್ ಕಟ್ಟಿತು. ಆಮೇಲೆ ದೊಡ್ಡ ಬಿಡುವು. 2007ರಲ್ಲಿ ಫ್ಲಾಮಾನ್‌ವಿಲ್ 3 ಅನ್ನೋ ರಿಯಾಕ್ಟರಿನ ಕೆಲಸ ಶುರುವಾಯಿತು. ಮುಖ್ಯ ಸ್ಟೀಮ್ ಪೈಪಿನ ವೆಲ್ಡುಗಳನ್ನು ಮತ್ತೆ ಮಾಡಬೇಕಾಯಿತು. ಗ್ರಿಡ್ಡಿಗೆ ಸೇರಿದ್ದು 2024ರ ಡಿಸೆಂಬರಿನಲ್ಲಿ. ಯುಎಇಯ ಬರಾಕಾದಲ್ಲಿ ಒಂದೇ ಡಿಸೈನಿನ ನಾಲ್ಕು ಘಟಕಗಳನ್ನು 2012ರಿಂದ ವರ್ಷಕ್ಕೊಂದರಂತೆ ಶುರು ಮಾಡಿದರು. ಅಲ್ಲೂ ತಡವಾಯಿತು, ಆದರೂ 2024ರ ಹೊತ್ತಿಗೆ ನಾಲ್ಕೂ ನಡೆಯುತ್ತಿದ್ದವು. ಒಳ್ಳೆಯ ವೆಲ್ಡರ್ ತಯಾರಾಗಲು ವರ್ಷಗಳು ಬೇಕು. ನಮ್ಮ ಎರಡನೇ ಘಟಕದಲ್ಲಿ ಎಕ್ಸ್‌ರೇಯಲ್ಲಿ ಫೇಲ್ ಆಗುವ ವೆಲ್ಡುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು. ಕೈಗಳು ಅವೇ ಇದ್ದವು, ಅಷ್ಟೇ. ಆ ಕೆಲಸ ಮುಗಿದಾಗ ಮುಂದಿನ ಆರ್ಡರ್ ಇರಲಿಲ್ಲ. ಒಂದೇ ತಿಂಗಳಲ್ಲಿ ತಂಡ ಚದುರಿತು. ಅವರಲ್ಲಿ ಅರ್ಧ ಜನರನ್ನು ಇವತ್ತು ಹುಡುಕಿದರೂ ಸಿಗುವುದಿಲ್ಲ.

ನೀತಿಯ ಕರಡಿಗೆ ನಾನು ಕೇಳಿ ಸೇರಿಸಿದ್ದು ಒಂದೇ ಸಾಲು. ಡಿಸೈನ್ ಇಷ್ಟು ಪರ್ಸೆಂಟ್ ಮುಗಿದಿದೆ ಅಂತ ಹೊರಗಿನವರು ಪರೀಕ್ಷಿಸಿ ಹೇಳುವವರೆಗೆ ಮೊದಲ ಕಾಂಕ್ರೀಟ್‌ಗೆ ಹಣ ಬಿಡಬಾರದು. ಎಷ್ಟು ಪರ್ಸೆಂಟ್ ಅನ್ನೋ ಜಾಗ ಇನ್ನೂ ಖಾಲಿ ಇದೆ. ನಾನು 90 ಅಂತ ಬರೆದು ಕೊಟ್ಟಿದ್ದೇನೆ.